ಮೂರನೇ ದಿನದ ಹಾಲು

ದುಂಡೇಶ ಹೆಣ ಇಳಿಸಿದ ಗುಣಿಗೆ ಮಣ್ಣೆಳೆಯುತ್ತಿದ್ದಾಗಲೇ ಕಿಸೆಯೊಳಗಿನ ಫೋನು ಮೂರನೆಯ ಸಲ ನಡುಗಿತು. ಹೆಂಡತಿ ರೂಪಾಲಿ. ಎತ್ತದಿದ್ದರೂ ವಿಷಯ ಗೊತ್ತೇ ಇತ್ತು: ಆಕಳು ಮೇವು ಮುಟ್ಟಿಲ್ಲ. ಅದರ ಮೈತುಂಬ ಗಂಟು. ಮುಂಜಾನೆ ಹಿತ್ತಲಕೋಣೆಯಲ್ಲಿ ಅದನ್ನು ಕಟ್ಟಿ, ಬಾಗಿಲು ಮುಚ್ಚಿ, ಓಣಿಯ ಬಾಬಾಸಾಹೇಬ ಕಾಕಾನ ಮಣ್ಣಿಗೆ ಬಂದಿದ್ದ.

"ದೇವರಂಥಾ ಮನಶ್ಯಾ," ಎಂದ ಪಕ್ಕದ ಮನೆಯ ಮಾಳಸಿದ್ದ. "ಅವತ್ತ ಡಾಕ್ಟರಗ ಹೇಳಿರ್ಲಿಲ್ಲಂದ್ರ ನಮ್ಮ ಓಣ್ಯಾಗ ಒಂದ ದನಾ ಉಳೀತಿರ್ಲಿಲ್ಲ."

ದುಂಡೇಶನಿಗೆ ಮೈಯೆಲ್ಲ ಉರಿಯಿತು. ಅಂದು ಎಲ್ಲರಿಗಿಂತ ಮುಂದೆ ನಿಂತು ಕಾಕಾನ ಮೇಲೆ ಬಾಯಿ ಮಾಡಿದವನು ಇವನೇ ಅಲ್ಲವೆ! ಆಮೇಲೆ ನೆನಪಾಯಿತು, ತಾನೂ ಜೊತೆಗಿದ್ದೆ.

*

ಮೂರು ವರ್ಷದ ಹಿಂದೆ ಐಗಳಿ ಊರಿನ ಆ ಓಣಿಯಲ್ಲಿ ಗಂಟುರೋಗ ಮೊದಲು ಕಂಡದ್ದು ಕಾಕಾನ ಆಕಳಿಗೆ. ಮುಚ್ಚಿಡದೆ ತಾನೇ ದನದ ಡಾಕ್ಟರಿಗೆ ಫೋನು ಮಾಡಿದ. ಮರುದಿನವೇ ಡೇರಿಯವರು ಇಡೀ ಓಣಿಯ ಹಾಲು ಒಯ್ಯುವುದನ್ನು ನಿಲ್ಲಿಸಿದರು.

"ಸತ್ತ ಆಕಳಿಗಿ ಸರಕಾರ ಪರಿಹಾರ ಕೊಡ್ತೈತಿ ಕಾಕಾ. ಮೊದ್ಲ ಹೇಳಿದವಗ ಏನ ಕೊಡ್ತೈತಿ? ಅದು ಸಾಯೂತನಕ ಸುಮ್ನಿರಾಕ ಆಗಲಿಲ್ಲೇನ?" ದುಂಡೇಶನೇ ಕೇಳಿದ್ದ.

"ಅಲ್ಲೀತನಕ ಕುಂತಿದ್ರ ನಿಂದೂ ಹೋಗ್ತಿತ್ತಲೇ ಹುಚ್ಚಪ್ಯಾ."

ಓಣಿಯ ದನಗಳಿಗೆಲ್ಲ ಚುಚ್ಚುಮದ್ದು ಬಿತ್ತು, ಎಲ್ಲವೂ ಉಳಿದವು. ಕಾಕಾನ ಆಕಳೂ ಉಳಿಯಿತು, ಆದರೆ ಹಾಲು ಬತ್ತಿತು. ಸಾಯಲಿಲ್ಲವೆಂದು ಪರಿಹಾರವೂ ಇಲ್ಲ. ಡೇರಿ ನಿಂತ ಸಿಟ್ಟಿನಲ್ಲಿ ಅವನ ಮನೆಯ ಚಹಾ ಬಿಟ್ಟ ಓಣಿಯವರು ಇಂದು ಹೆಣ ಎತ್ತಲಿಕ್ಕೇ ಹೊಸ್ತಿಲು ತುಳಿದದ್ದು.

*

ಮಣ್ಣು ಮುಗಿಸಿ ಬಂದು, ಕಾಕಾನ ಮನೆಯಲ್ಲಿ ಹಚ್ಚಿಟ್ಟ ದೀಪ ನೋಡಿ, ಎಲ್ಲರೂ ಅಂಗಳದಲ್ಲಿ ಕುಳಿತರು. ಕಾಕಾನ ಹೆಂಡತಿ ಕಸ್ತೂರೆವ್ವ ಬಾಗಿಲಿಗೆ ಬಂದಳು.

"ದುಂಡೇಶಾ, ಮೂರನೇ ದಿನಾ ಗುಣಿಗಿ ಹಾಲ ಎರೀಬೇಕು. ನಮ್ಮ ಆಕಳಾ ಹಾಲ ಕೊಡೂದಿಲ್ಲ. ನಿಮ್ಮ ಮನ್ಯಾಗಿಂದ ತಾರಪಾ."

'ಹೂಂ' ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಮುಚ್ಚಿಟ್ಟ ಆಕಳ ಹಾಲನ್ನು ಕಾಕಾನ ಗುಣಿಗೆ ಎರೆಯುವುದೆ?

"ಆಗಾಂಗಿಲ್ಲ ಕಾಕು," ಎಂದ. "ನಮ್ಮ ಆಕಳಿಗಿ ಗಂಟ ಎದ್ದಾವ. ಮುಂಜಾನಿಂದ ಮುಚ್ಚಿಟ್ಟೇನಿ."



"ಬಾಯಿ ಮುಚ್ಚಲೇ! ಡೇರಿಯವ್ರ ಕಿವಿಗಿ ಬಿದ್ರ ಎಲ್ಲಾರ ಹೊಟ್ಟಿ ಮ್ಯಾಲ ಕಲ್ಲ," ಎಂದು ಮಾಳಸಿದ್ದ ಟವೆಲ್ಲು ಜಾಡಿಸಿ ಎದ್ದ. ಅವನ ಹಿಂದೆ ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿದರು.

ಕಾಕು ಅಂಗಳದ ಬದಿಯ ಕೊಟ್ಟಿಗೆಯತ್ತ ನಡೆದಳು. ಅದರ ಗೋಡೆಯ ಮೇಲೆ ಕಾಕಾ ಇದ್ದಿಲಿನಿಂದ ಬರೆದಿಟ್ಟ ಡಾಕ್ಟರ ನಂಬರಿತ್ತು. ಮಸುಕಾದ ಅಂಕಿಗಳ ಮೇಲೆ ಬೆರಳಿಟ್ಟು, "ಒಂಬತ್ತ... ನಾಕ..." ಎಂದು ಗಟ್ಟಿಯಾಗಿ ಓದತೊಡಗಿದಳು. ಖಾಲಿ ಅಂಗಳದಲ್ಲಿ ನಿಂತು ದುಂಡೇಶ ಫೋನಿನಲ್ಲಿ ಒಂದೊಂದೇ ಅಂಕಿ ಒತ್ತುತ್ತ ಹೋದ.