ಎಡಗಡೆಯ ಅಂಚು

ಗದ್ವಾಲದ ಸೀರೆ ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಹತ್ತಿಯ ಒಡಲು, ರೇಷ್ಮೆಯ ಅಂಚು; ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೇ ಮಗ್ಗದ ಬಲಕ್ಕೆ ಬಾಲಯ್ಯ, ಎಡಕ್ಕೆ ಹೆಂಡತಿ ಬುಚ್ಚಮ್ಮ. ಮದುವೆಯಾಗಿ ಬಂದಂದಿನಿಂದ ಅವಳದು ಅದೇ ಜಾಗ. ಅವಳ ಕೈ ಕೊಂಚ ಜೋರು. ಎಡಗಡೆಯ ಅಂಚು ಯಾವಾಗಲೂ ಒಂದು ಕೂದಲೆಳೆಯಷ್ಟು ಬಿಗಿ. “ನಿನ್ನ ಸಿಟ್ಟೆಲ್ಲಾ ಅಂಚಿನಾಗ ಐತಿ ನೋಡು,” ಎಂದು ಬಾಲಯ್ಯ ಕಾಡುತ್ತಿದ್ದ. ಅವಳು ನಗುತ್ತಿದ್ದಳು, ಪಾಪ.

ಅಪ್ಪ ಅಮ್ಮ ಜೋಡಿಯಾಗಿ ಕೂತು ನೇಯ್ದ ಸೀರೆಯಲ್ಲೇ ಮಗಳು ಹಸೆಮಣೆ ಏರಬೇಕು. ಅದು ಆ ಮನೆಯ ರೀತಿ. ಮಗಳು ಸ್ರವಂತಿಗೆಂದು ನೇಯ್ದ ಗೋಪುರದಂಚಿನ ಸೀರೆಯ ಚೆಂದವಂತೂ ಕೇಳಲೇಬೇಡಿ. ಬುಚ್ಚಮ್ಮ ಅದನ್ನು ಮಡಿಸಿ ಗಂಡನ ಕೈಗೇ ಕೊಟ್ಟು, ಜೋಪಾನ ಎಂದಿದ್ದಳು.

ಮಕ್ತಲದ ಮದುವೆ ಮಂಟಪದಲ್ಲಿ ಮಗಳ ನೆರಿಗೆ ಹಿಡಿಯಲು ಕೂತ ಬುಚ್ಚಮ್ಮನ ಬೆರಳು ಅಂಚಿನ ಮೇಲೆ ಹರಿದು ಥಟ್ಟನೆ ನಿಂತಿತು. ಒಂದು ಅಂಚು ಮುಟ್ಟಿದಳು, ಇನ್ನೊಂದು ಮುಟ್ಟಿದಳು. ಎರಡೂ ಒಂದೇ, ಎಡಗಡೆಯ ಬಿಗಿಯೇ ಇಲ್ಲ! ಒಳಮೈ ತಿರುವಿದರೆ ಕೊಂಡಿಯ ಬದಲು ಕತ್ತರಿಸಿದ ಎಳೆಗಳು ಚುಚ್ಚಿದವು. ಅದೇ ಬಣ್ಣ, ಅದೇ ಗೋಪುರ, ಆದರೆ ಮಷಿನ್ನಿನ ಸೀರೆ.

“ಯಾಕವ್ವಾ, ಏನಾತು?” ಎಂದಳು ಸ್ರವಂತಿ.

“ಏನಿಲ್ಲವ್ವ. ಛಂದ ಕಾಣಾಕತ್ತಿ.”

ಮಗಳ ಕೊರಳಿಗೆ ತಾಳಿ ಬೀಳುವ ತನಕ ಬಾಯಿಗೆ ಬೀಗ ಹಾಕಿಕೊಂಡಳು. ಆಮೇಲೆ ಅಡಿಗೆ ಮನೆಯ ಹಿಂದೆ ಗಂಡನನ್ನು ಹಿಡಿದಳು.

“ನಮ್ಮ ಸೀರಿ ಎಲ್ಲೈತ್ರಿ?”

ಬಾಲಯ್ಯ ಅತ್ತಿತ್ತ ನೋಡಿದ. “ಹೈದರಾಬಾದಿನಾಗ ದೊಡ್ಡ ಪ್ರದರ್ಶನಕ್ಕ ಇಟ್ಟಾರ. ಅಂಥಾದ್ದು ಪೆಟ್ಟಿಗ್ಯಾಗ ಕೊಳೀಬೇಕೇನು? ಅದರಂಗ ಇನ್ನೊಂದು ಪವರ್‌ಲೂಮಿನಾಗ ಮಾಡ್ಸೀನಿ. ಹೆಸರು ಬಂದೈತಿ, ನೋಡಿಲ್ಲಿ.”

ಫೋನಿನಲ್ಲಿ ಚಿತ್ರ. ಸೀರೆಯ ಪಕ್ಕ ಶಾಲು ಹೊದ್ದ ಬಾಲಯ್ಯ, ಒಬ್ಬನೇ. ನೇಯ್ದವರು ಎಂಬಲ್ಲಿ ಅವನದೊಂದೇ ಹೆಸರು.

“ನಾನೆಲ್ಲಿ?”

“ಗಂಡಂದಾದ್ರ ನಿಂದೂ ಆದಂಗ ಆತಲ್ಲ. ಇದನ್ನ ಉಟ್ರ ತಾನೇ ಏನು, ಯಾರಿಗೆ ಗೊತ್ತಾಗತೈತಿ? ಬಿಡು.”

ಅಬ್ಬಾ, ಎಂಥ ಮಾತು! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಅಳುವುದು? ಸೀರೆ ಹೋದರೆ ಹೋಗಲಿ. ಹೆತ್ತ ಮಗಳಿಗೆ ನಕಲಿ ಉಡಿಸಿದನಲ್ಲ, ಇಷ್ಟು ವರ್ಷ ಪಕ್ಕದಲ್ಲಿ ಕೂತವಳನ್ನು ಮಗ್ಗದಿಂದ ಎಬ್ಬಿಸಿಬಿಟ್ಟನಲ್ಲ! ಆದರೂ ಬುಚ್ಚಮ್ಮ ನಗುನಗುತ್ತಲೇ ಮಗಳನ್ನು ಕಳಿಸಿಕೊಟ್ಟಳು.

ಗದ್ವಾಲಕ್ಕೆ ಮರಳಿದ ಮೇಲೆ ಅಂಥದೇ ಸೀರೆ ಬೇಕೆಂದು ಹೈದರಾಬಾದಿನಿಂದ ಕರೆ ಬಂತು. ಬಾಲಯ್ಯ ಹಿಗ್ಗಿ ಹೀರೇಕಾಯಿಯಾದ. ಹೊಸ ಹಾಸು ಹೂಡಿ ಮಗ್ಗದ ಗುಂಡಿಗಿಳಿದು ಕೂಗಿದ: “ಬಾರೇ, ಹೊತ್ತಾತು!”

ಬುಚ್ಚಮ್ಮ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಎಡಗಡೀದೂ ನೀವಽ ಹಾಕ್ಕೊಳ್ರಿ,” ಎಂದಳು. “ಯಾರಿಗೆ ಗೊತ್ತಾಗತೈತಿ?”

ಬಾಲಯ್ಯ ಲಾಳಿ ಎಸೆದ. ಅದು ಎಡಗಡೆಗೆ ಹೋಗಿ ನಿಂತಿತು. ಅಲ್ಲಿ ಕೊಂಡಿ ಹಾಕಿ ತಿರುಗಿ ಕಳಿಸುವವರು ಯಾರೂ ಇರಲಿಲ್ಲ.