ಕರುವಿಗೆ ಸಿಕ್ಕ ಅನುಮತಿ

ನಾನೇ ಕೊಂಡ ಮನೆಗೆ ನಾನು ಒಂದು ಮೊಳೆ ಹೊಡೆಯುವಂತಿಲ್ಲ. ಈ ಪರದೇಶದಲ್ಲಿ, ವುಡ್‌ರಿಡ್ಜ್ ಊರಿನಿಂದ ಹದಿನೈದು ಮೈಲಿ ಆಚೆ, ನೂರು ವರ್ಷದ ಹಿಂದೆ ಯಾರೋ ಶ್ರೀಮಂತ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜಾರ್ಜಿಯನ್ ಶೈಲಿಯ ಹಳೇ ಬಂಗಲೆಯೊಂದನ್ನು ನೋಡಿಬಂದು ಹಾಗೆಯೇ ಕಟ್ಟಿಸಿದ್ದು. ಕೆಂಪು ಇಟ್ಟಿಗೆ, ಎರಡೂ ಬದಿಗೆ ಸಮಸಮ ಕಿಟಕಿ, ನಡುವೆ ಬಿಳಿ ಕಂಬಗಳ ಬಾಗಿಲು, ಅದಕ್ಕೆ ಐದು ಕಲ್ಲಿನ ಮೆಟ್ಟಿಲು. ಊರಿನ ಪಾರಂಪರಿಕ ಕಟ್ಟಡಗಳ ಸಮಿತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದನ್ನು ಕಾಯುತ್ತದೆ.

ನನ್ನ ಅಕ್ಕ ಚಿಕ್ಕತಾಯಮ್ಮ ಗಾಲಿಕುರ್ಚಿಯಲ್ಲಿದ್ದಾಳೆ. ಗೃಹಪ್ರವೇಶದ ದಿನ ಅವಳೇ ಮೊದಲು ಮುಂಬಾಗಿಲಿನಿಂದ ಒಳಗೆ ಹೋಗಬೇಕೆಂಬುದು ನನ್ನ ಹಟ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಅವಳಿಗೆ ಇಪ್ಪತ್ತಾರಾಗಿದ್ದಾಗಲೇ ಗಂಡ ತೀರಿಕೊಂಡ. ಆ ಕಾರಣಕ್ಕೆ ನನ್ನ ಮದುವೆಯ ದಿನ ಅವಳನ್ನು ಛತ್ರದ ಹಿಂದೆ ಅಡುಗೆಯವರ ಜೊತೆ ಕೂರಿಸಿದರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮೆಟ್ಟಿಲ ಮೇಲೆ ಮರದ ಇಳಿಜಾರು ಹಾಕಿಸಲು ಅರ್ಜಿ ಕೊಟ್ಟೆ. ಮನೆಯ ಅಂದ ಕೆಡುತ್ತದೆ, ಗ್ಯಾರೇಜ್ ಕಡೆಯ ಬಾಗಿಲಿಗೆ ಹಾಕಿಸಿಕೊಳ್ಳಿ ಎಂದರು. ಎರಡನೇ ಸಲವೂ ಅದೇ ಉತ್ತರ. ಅಕ್ಕನಿಗೆ ಮತ್ತೆ ಹಿಂಬಾಗಿಲು. ನನಗೆ ಮೈಯೆಲ್ಲ ಉರಿಯಿತು.

ಅವರ ನಿಯಮಗಳನ್ನು ಕೂತು ಪೂರ್ತಿ ಓದಿದೆ. ಧಾರ್ಮಿಕ ಆಚರಣೆಗಾದರೆ ಮೂರು ದಿನದ ಮಟ್ಟಿಗೆ ಏನಾದರೂ ಹಾಕಬಹುದಂತೆ. ಗೃಹಪ್ರವೇಶದಲ್ಲಿ ನಮ್ಮವರು ಹಸುವನ್ನೋ ಕರುವನ್ನೋ ಮನೆಯೊಳಗೆ ಕರೆತರುತ್ತಾರೆ, ಅದು ಮೆಟ್ಟಿಲು ಹತ್ತುವುದಿಲ್ಲ ಎಂದು ಬರೆದೆ. ನಾಲ್ಕೇ ದಿನದಲ್ಲಿ ಅನುಮತಿ ಬಂತು. ಹೆಂಗಸಿಗೆ ಸಿಗದ ದಾರಿ ಕರುವಿಗೆ ಸಿಕ್ಕಿತು.

ಶುಕ್ರವಾರ ಬೆಳಗ್ಗೆ ಹತ್ತಿರದ ಫಾರ್ಮಿನವನು ಕರು ತಂದ. ನಾನು ಅಕ್ಕನ ಕುರ್ಚಿಯನ್ನು ಇಳಿಜಾರಿನ ಬುಡಕ್ಕೆ ತಂದು ನಿಲ್ಲಿಸಿದೆ.

“ಕರು ಮುಂದೆ ಹೋಗ್ಲಿ ಛಾಯಾ,” ಎಂದಳು ಅಕ್ಕ. “ಶುಭಕಾರ್ಯ ಕಣೇ. ನಾನು ಗ್ಯಾರೇಜ್ ಕಡೆಯಿಂದ ಬರ್ತೀನಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು.

“ನೀನು ಗ್ಯಾರೇಜಿಂದ ಬರೋದಾದ್ರೆ ಈ ಮನೆ ನಂಗೂ ಬೇಡ. ಕಾರ್ ಹತ್ತು, ವಾಪಸ್ ಲೊಂಬಾರ್ಡ್‌ನ ಹಳೇ ಮನೆಗೇ ಡ್ರೈವ್ ಮಾಡ್ತೀನಿ.”

ಲೆಮಾಂಟ್‌ನ ದೇವಸ್ಥಾನದಿಂದ ಬಂದಿದ್ದ ಪುರೋಹಿತರು ಗಡಿಯಾರ ನೋಡಿಕೊಂಡರು. “ಮುಹೂರ್ತಕ್ಕೆ ಇನ್ನು ಆರು ನಿಮಿಷ ಇದೆ.”

ನಾನು ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತೆ. “ಛತ್ರದಲ್ಲಿ ಅವತ್ತು ನಾನು ಸುಮ್ನಿದ್ದೆ. ತಪ್ಪಾಯ್ತು ಅಕ್ಕ.”

ಅವಳು ನನ್ನನ್ನೇ ನೋಡಿದಳು, ಆಮೇಲೆ ಬಾಗಿಲನ್ನು. ಕುರ್ಚಿ ತಳ್ಳಲು ಹೋದ ನನ್ನ ಕೈಯನ್ನು ಸರಿಸಿದಳು.

“ತಳ್ಳಬೇಡ.”

ಎರಡೂ ಗಾಲಿ ಹಿಡಿದು ತಾನೇ ಹೊರಟಳು. ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ನಾನು ಕೈ ಕಟ್ಟಿಕೊಂಡು ನಿಂತೆ, ಕಣ್ಣು ಮಾತ್ರ ನನ್ನ ಮಾತು ಕೇಳಲಿಲ್ಲ. ಹೊಸಿಲು ದಾಟಿದ ಮೇಲೆ ಅಕ್ಕ ಕುರ್ಚಿ ತಿರುಗಿಸಿದಳು.

“ಈಗ ನೀನು ಬಾ,” ಎಂದು ನನ್ನನ್ನು ಒಳಗೆ ಕರೆದಳು.