ಸ್ಟಾಪ್ ಬಂದರೆ ನಿಲ್ಲುವ ಕಾಲು

ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮೆರವಣಿಗೆ ಹೊರಟು ಇನ್ನೂ ಒಂದು ಬೀದಿ ದಾಟಿಲ್ಲ, ಎಲ್ಲರ ಮುಂದೆ ಬ್ಯಾನರಿನ ಕೋಲು ಹಿಡಿದಿದ್ದ ಗಂಡ ಗಕ್ಕನೆ ನಿಂತುಬಿಟ್ಟ. ಹಿಂದಿನವರು ಒಬ್ಬರ ಮೇಲೊಬ್ಬರು ಬಿದ್ದರು.

“ಯಾಕ್ರೀ ನಿಂತ್ರಿ?”

“ಸ್ಟಾಪು,” ಅಂದ ಆತ, ಪಕ್ಕದ ಬಸ್ ನಿಲ್ದಾಣ ತೋರಿಸಿ.

ಜನ್ಮವಿಡೀ ಬಸ್ ಓಡಿಸಿ ನಿವೃತ್ತನಾದ ಮನುಷ್ಯ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇದು ಹುಟ್ಟುಗುಣವೂ ಅಲ್ಲ, ಡಿಪೋದವರು ಕಲಿಸಿದ್ದು, ಆದರೂ ಹೋಗಿರಲಿಲ್ಲ.

ಆಕೆಗೋ ಒಂದೊಂದು ಗಳಿಗೆಯೂ ಮುಖ್ಯವಾಗಿತ್ತು. ಆಸ್ಪತ್ರೆಯ ಹಿಂದಿನ ಕೆರೆಗೆ ನಾಳೆ ಬೆಳಿಗ್ಗೆ ಮಣ್ಣಿನ ಲಾರಿಗಳು ಬರಲಿದ್ದವು. ಮುಚ್ಚಬೇಡಿ, ಹೂಳೆತ್ತಿ ಕೆರೆಗೆ ಜೀವ ಕೊಡಿ ಎಂಬ ಮನವಿಯನ್ನು ಇವತ್ತೇ, ನಗರಸಭೆಯ ಸಾಹೇಬರು ಆಫೀಸು ಬಿಡುವ ಮೊದಲೇ ಕೊಡಬೇಕು. ಲಾರಿ ತಡೆಯಲು ಅವರೊಬ್ಬರ ಸಹಿ ಸಾಕು. ವಾರ್ಡಿನಲ್ಲಿ ಯಾರಾದರೂ ಕಣ್ಣು ಮುಚ್ಚಿದ ದಿನ ಆಕೆ ಆ ದಡದಲ್ಲಿ ಕೂತು, ಅತ್ತು, ಮುಖ ತೊಳೆದು ಮನೆಗೆ ಬರುತ್ತಿದ್ದಳು. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಮುಂದಿನ ಸ್ಟಾಪಿನಲ್ಲೂ ಅದೇ ಕಥೆ. ಮೆರವಣಿಗೆಯಿಂದ ರಸ್ತೆ ಬಂದ್ ಆಗಿ ಬಸ್ಸಿಲ್ಲದೆ ನಿಂತಿದ್ದವರನ್ನು ಆತ ಕೈ ಬೀಸಿ ಕರೆಯುತ್ತಿದ್ದ. “ಬಸ್ಸು ಬರಲ್ಲ, ನಮ್ಜೊತೆ ನಡ್ಕೊಂಡು ಬನ್ನಿ. ಕೆರೆ ಉಳಿಸೋಕೆ ಹೊರಟಿದೀವಿ. ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ!”

“ರೀ, ನಿಮ್ಮ ದಮ್ಮಯ್ಯ ಅಂತೀನಿ, ನಡೀರಿ!”

“ಕೈ ತೋರಿಸಿದೋರನ್ನ ಬಿಟ್ಟು ಹೋಗೋಕಾಗತ್ತೇನೇ?”

“ಅವರೆಲ್ಲಿ ಕೈ ತೋರಿಸಿದ್ರು? ತೋರಿಸ್ತಿರೋದು ನೀವು!”

ಮೂರನೆಯ ಸ್ಟಾಪಿಗೆ ಬರುವಷ್ಟರಲ್ಲಿ ಆಕೆಯ ತಾಳ್ಮೆ ಮುಗಿಯಿತು. ಮನವಿ ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ದಾಪುಗಾಲು ಹಾಕಿದಳು. ಆಫೀಸಿನ ಗೇಟು ಮುಟ್ಟಿದಾಗ ಕಾವಲುಗಾರ ಚಿಲಕ ಹಾಕುತ್ತಿದ್ದ.

“ಸಾಹೇಬ್ರು ಈಗಷ್ಟೇ ಹೋದ್ರಮ್ಮ. ನಾಳೆ ಬನ್ನಿ.”

ನಾಳೆ! ನಾಳೆಗೆ ಅಲ್ಲಿ ಕೆರೆ ಎಲ್ಲಿರುತ್ತೆ? ಮೆರವಣಿಗೆ ನಿಧಾನವಾಗಿ ಬಂದು ಸೇರಿತು. ಗಂಡನನ್ನು ಕಂಡದ್ದೇ ತಡ, ಆಕೆ ಸಿಡಿದಳು.

“ಸರ್ವೀಸಿನಲ್ಲಿ ಒಂದು ದಿನಾನೂ ಲೇಟಾಗಿಲ್ಲ ಅಂತ ಮೀಸೆ ತಿರುವ್ತಿದ್ರಲ್ಲ! ನನ್ನ ಕೆರೆಗೆ ಮಾತ್ರ ಲೇಟು ಮಾಡಿದ್ರಿ. ಆಯ್ತು, ಮುಗೀತು!”

ಆತ ತಲೆ ತಗ್ಗಿಸಿ ಕೋಲು ಹಿಡಿದೇ ನಿಂತ. ಘೋಷಣೆ ಬರೆದುಕೊಂಡು ಬಂದಿದ್ದ, ಮೆರವಣಿಗೆ ಹೊರಡಿಸಿದ ಕೆರೆ ಸಂಘದವರು ಗಡಿಯಾರ ನೋಡಿ, ಫೋಟೋ ತೆಗೆಸಿಕೊಂಡು, ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಸ್ಟಾಪುಗಳಲ್ಲಿ ಸೇರಿಕೊಂಡವರು ಮಾತ್ರ ಕದಲಲಿಲ್ಲ. ಚೀಲ ಹಿಡಿದಿದ್ದ ಅಜ್ಜಿಯೊಬ್ಬಳು ಗೇಟಿನೆದುರಿನ ಬಸ್ ಸ್ಟಾಪಿನ ಮುಂದೆ ರಸ್ತೆಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

“ಎದ್ದೇಳಿ ಅಜ್ಜಿ, ಸಾಹೇಬ್ರು ಬರಲ್ಲ,” ಅಂದ ಕಾವಲುಗಾರ.

“ಬಸ್ಸೂ ಬರಲ್ಲ ಅಂತಾನೇ ಹೇಳ್ತಾರಪ್ಪ. ನಾವು ಕಾಯಲ್ವಾ?”

ಅಜ್ಜಿಯ ಪಕ್ಕ ಇನ್ನೊಬ್ಬರು ಕೂತರು, ಅವರ ಪಕ್ಕ ಮತ್ತೊಬ್ಬರು. ನೋಡನೋಡುತ್ತ ರಸ್ತೆ ತುಂಬಿತು. ಬೈಗುಳವಿಲ್ಲ, ಗಲಾಟೆಯಿಲ್ಲ. ದಿನಾ ಕಾದು ಕಾದು ಪಳಗಿದ ಜನ, ನೀರಿನ ಬಾಟಲಿ ಕೈಯಿಂದ ಕೈಗೆ ದಾಟಿಸುತ್ತ ಆರಾಮಾಗಿ ಕೂತರು. ಕಾವಲುಗಾರ ಬೆವರುತ್ತ ಫೋನು ಎತ್ತಿಕೊಂಡ.

ಹೊತ್ತು ಇಳಿಯುವಾಗ ಸಾಹೇಬರ ಕಾರು ವಾಪಸು ಬಂತು. ಜನರ ನಡುವೆ ದಾರಿ ಕಾಣದೆ ದೂರದಲ್ಲೇ ನಿಂತಿತು. ಸಾಹೇಬರು ಇಳಿದು, ಕೂತವರ ಕಾಲು ತುಳಿಯದಂತೆ ನಡೆದು ಬಂದರು. ಮನವಿ ಎರಡು ಸಲ ಓದಿದರು, ಜನರನ್ನು ಒಮ್ಮೆ ನೋಡಿದರು. ಲಾರಿ ಸದ್ಯಕ್ಕೆ ನಿಲ್ಲಲಿ ಎಂದು ಅಲ್ಲೇ ಬರೆದು ಸಹಿ ಹಾಕಿದರು.

ನರ್ಸಮ್ಮ ಆ ಕಾಗದವನ್ನು ಜೋಪಾನವಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಗಂಡ ಅವಳ ಕಿವಿಯ ಹತ್ತಿರ ಬಗ್ಗಿದ. ಏನಾದರೂ ಒಳ್ಳೆಯ ಮಾತು ಆಡುತ್ತಾನೆ ಎಂದುಕೊಂಡಳು.

“ಆ ಡ್ರೈವರ್ ನೋಡೇ, ಗಾಡೀನ ಸ್ಟಾಪಿಂದ ಎಷ್ಟು ದೂರ ನಿಲ್ಲಿಸಿದಾನೆ.”

“ಅಯ್ಯೋ, ಸುಮ್ನಿರ್ರೀ!” ಎಂದು ಗದರಿದಳು ನರ್ಸಮ್ಮ. ಆಮೇಲೆ, ಕೆರೆಯ ದಡದಲ್ಲಿ ಒಬ್ಬಳೇ ಅಳುತ್ತಿದ್ದವಳು, ಅವನ ತೋಳು ಹಿಡಿದುಕೊಂಡು ಎಲ್ಲರೆದುರು ಅತ್ತಳು.